ಕಾರ್ಡಿನ ಮೇಲೆ ‘ಓತ’ ಅಂತಿದೆ. ಯಾವ ಓತ?

ಓ, ಟಿ, ಎ. ಜಪಾನಿನವರ ವಿಸಿಟಿಂಗ್ ಕಾರ್ಡಿನಲ್ಲೋ ವಿಳಾಸದಲ್ಲೋ ಈ ಮೂರು ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ‘ಓಟಾ’ ಅಂತ ಬರೆದುಕೊಂಡು ಮುಂದೆ ಹೋಗಬೇಡಿ. ಅದು ಮನೆತನದ ಹೆಸರಿರಬಹುದು, ಊರೂ ಇರಬಹುದು. ಊರಾದರೆ ಯಾವ ಊರು? ಬಿಡದಿ ಕಡೆ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಜಪಾನಿಗೆ ಹೋಗಿಬರುವವರ ಟಿಕೆಟು, ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಪತ್ತೆಹಚ್ಚುವ ಕ್ರಮ ಹೇಳುತ್ತೇನೆ.

ಮೊದಲು ಕಾರ್ಡು ತಿರುಗಿಸಿ ಕಾಂಜಿ, ಅಂದರೆ ಜಪಾನಿಯಲ್ಲಿ ಬಳಸುವ ಚೀನೀ ಮೂಲದ ಅಕ್ಷರ, ನೋಡಿ. ಕೊನೆಯ ಅಕ್ಷರ ಚೌಕದೊಳಗೆ ಕೂಡಿಸುವ ಗುರುತು ಹಾಕಿದಂತಿರುತ್ತದೆ. ಅದು ಗದ್ದೆ. ಮೊದಲನೆಯದರ ಮೇಲೆ ಕಣ್ಣಿಡಿ. ಕೈಕಾಲು ಅಗಲಿಸಿ ನಿಂತ ಮನುಷ್ಯನ ಆಕಾರ, ಮೂರೇ ಗೆರೆ ಇದ್ದರೆ ‘ದೊಡ್ಡ’. ಅದೇ ಆಕಾರದ ಕಾಲುಗಳ ನಡುವೆ ಒಂದು ಚುಕ್ಕೆ ಇದ್ದರೆ ‘ದಪ್ಪ’. ಮನೆತನದ ಹೆಸರಾಗಿ ಜಾಸ್ತಿ ಸಿಗುವುದು ಚುಕ್ಕೆಯ ಓತ. ಹಾಗಂತ ಅವರನ್ನು ‘ದಪ್ಪ ಗದ್ದೆಯವರು’ ಅಂದುಬಿಡಬೇಡಿ! ಫೋನಿನಲ್ಲಾದರೆ ‘ಫುತೊಯ್’ ಓತನಾ, ‘ಓಕೀ’ ಓತನಾ ಅಂತ ಕೇಳಿ. ಮೊದಲನೆಯದು ದಪ್ಪ, ಎರಡನೆಯದು ದೊಡ್ಡ. ಅವರವರೂ ಹೀಗೇ ಕೇಳಿಕೊಳ್ಳುತ್ತಾರೆ.

ಊರಾದರೆ ಕೆಲಸ ಸ್ವಲ್ಪ ಜಾಸ್ತಿ. ಟೋಕಿಯೋದ ಓತ ವಾರ್ಡ್‌ನಲ್ಲಿ ಚುಕ್ಕೆ ಇಲ್ಲ. ಹನೇದಾ ವಿಮಾನ ನಿಲ್ದಾಣ ಇರುವುದು ಅಲ್ಲೇ, ಸಣ್ಣ ಸಣ್ಣ ಕಾರ್ಖಾನೆಗಳೂ ಅಲ್ಲಿ ಬಹಳ. ‘ದೊಡ್ಡ ಗದ್ದೆ’ ಅಂತ ಅರ್ಥ ಮಾಡಿಕೊಂಡು ಅಲ್ಲಿ ಗದ್ದೆ ಹುಡುಕಬೇಡಿ. 1947ರಲ್ಲಿ ಓಮೋರಿ ಮತ್ತು ಕಾಮಾತಾ ಎಂಬ ಎರಡು ವಾರ್ಡ್‌ಗಳನ್ನು ಸೇರಿಸಿದಾಗ ಒಂದರ ಮೊದಲಕ್ಷರ, ಇನ್ನೊಂದರ ಕೊನೆಯಕ್ಷರ ತೆಗೆದು ಹೊಲಿದ ಹೆಸರದು. ಇಬ್ಬರಿಗೂ ಬೇಜಾರಾಗಬಾರದಲ್ವಾ!

ಗುನ್ಮಾ ಪ್ರಾಂತ್ಯದ ಓತ ನಗರಕ್ಕೆ ಚುಕ್ಕೆ ಇದೆ. ಸುಬಾರು ಕಾರು ತಯಾರಾಗುವ ಊರು. ವಾಹನ ಕ್ಷೇತ್ರದವರು ಓತಗೆ ಹೋಗುತ್ತೇವೆ ಅಂದರೆ ಬಹುಪಾಲು ಇದೇ. ಟೋಕಿಯೋದ ಅಸಾಕುಸಾದಿಂದ ತೋಬು ಕಂಪನಿಯ ರೈಲು ಹಿಡಿಯಬೇಕು. ಹನೇದಾ ಹತ್ತಿರ ಹೋಟೆಲ್ ಮಾಡಿಕೊಟ್ಟರೆ ಹೋದವರು ಶಾಪ ಹಾಕುತ್ತಾರೆ.

ಮೂರನೆಯದು ತಮಾಷೆಯದು. ಪಶ್ಚಿಮಕ್ಕೆ, ಶಿಮಾನೆ ಪ್ರಾಂತ್ಯದಲ್ಲಿ, ಟೋಕಿಯೋದ ವಾರ್ಡಿನದೇ ಎರಡು ಕಾಂಜಿ ಇರುವ ಊರಿದೆ. ಆದರೆ ಓದುವುದು ‘ಓದ’. 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಇವಾಮಿ ಬೆಳ್ಳಿ ಗಣಿ ಇರುವುದು ಅಲ್ಲಿ.

ಇಂಥ ಗೊಂದಲ ಜಪಾನಿನವರಿಗೂ ಇದೆ. ಅದಕ್ಕೇ ಹೆಸರಿನ ಮುಂದೆ ಹಳೇ ಸೀಮೆಯ ಹೆಸರು ಅಂಟಿಸುತ್ತಾರೆ. ಇಬಾರಾಕಿಯಲ್ಲಿ ಹಿತಾಚಿ-ಓತ, ಗಿಫುವಿನಲ್ಲಿ ಮಿನೋ-ಓತ ಎಂಬ ಸ್ಟೇಷನ್. ಈ ಹಿತಾಚಿ ಹಳೇ ಸೀಮೆ. ಎ.ಸಿ., ಫ್ರಿಜ್ ಮಾಡುವ ಹಿತಾಚಿಯ ಕಾಂಜಿಯೇ ಬೇರೆ. ಆದ್ದರಿಂದ ಊರಿನ ಜೊತೆ ಪ್ರಾಂತ್ಯವನ್ನೂ ಬರೆಸಿಕೊಳ್ಳಿ, ಪಿನ್‌ಕೋಡನ್ನೂ ಕೇಳಿ.

ಇನ್ನು ಉಚ್ಚಾರಣೆ. ಇಂಗ್ಲಿಷಿನ ‘ಓ’ ಅಕ್ಷರ ಒ, ಓ ಎರಡನ್ನೂ ನುಂಗಿಹಾಕುತ್ತದೆ. ನಮಗೆ ಆ ಕಷ್ಟ ಇಲ್ಲ, ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. 1457ರಲ್ಲಿ ಎದೋ, ಅಂದರೆ ಈಗಿನ ಟೋಕಿಯೋದ, ಕೋಟೆ ಕಟ್ಟಿದ ದೋಕಾನ್ ‘ಓತ’. ಹದಿನಾರನೇ ಶತಮಾನದ ಒಳಯುದ್ಧಗಳ ಕಾಲದ ಸೇನಾನಾಯಕ ನೊಬುನಾಗಾ ‘ಒದ’. ಅವನ ಹೆಸರಲ್ಲಿ ಮೊದಲ ಕಾಂಜಿ ‘ನೇಯುವುದು’. ಆ ಮನೆತನದ ಮೂಲ ಎಚಿಝೆನ್ ಸೀಮೆಯ, ಈಗಿನ ಫುಕುಯಿಯ, ಒಂದು ಊರು. ಕಾಂಜಿ ಅವೇ, ಆದರೆ ಊರಿನವರು ಅದನ್ನು ಕರೆಯುವುದು ‘ಒತ’! ಹಾಗಾಗಿ ಮನೆತನದ ಹೆಸರು ಗೊತ್ತಿದ್ದ ಮಾತ್ರಕ್ಕೆ ಊರಿನ ಹೆಸರು ಊಹಿಸಬೇಡಿ.

ಟಿಕೆಟ್ ಮಾಡುವಾಗ ಮಾತ್ರ ಉಚ್ಚಾರಣೆ ಮರೆತು ಪಾಸ್‌ಪೋರ್ಟ್ ನೋಡಿ. ಕೆಲವರು ದೀರ್ಘ ತೋರಿಸಲು ಮಧ್ಯೆ ಎಚ್ ಸೇರಿಸಿಕೊಂಡಿರುತ್ತಾರೆ. ಅಲ್ಲಿ ಹೇಗಿದೆಯೋ ಹಾಗೇ ಟೈಪ್ ಮಾಡಿ.

ಜಪಾನಿ ಕೀಬೋರ್ಡಿನಲ್ಲಿ ಹುಡುಕುವುದಾದರೆ ‘ಓ’ ಕೀಲಿಯನ್ನು ಎರಡು ಸಲ ಒತ್ತಿ, ಆಮೇಲೆ ಟಿ, ಎ. ಒಂದೇ ಸಲ ಒತ್ತಿದರೆ ‘ಒತ’ ಆಗುತ್ತದೆ. ಓ ಆದಮೇಲೆ ಯು ಒತ್ತಿದರೂ ಈ ಹೆಸರು ಸಿಗುವುದಿಲ್ಲ. ಸರಿಯಾಗಿ ಒತ್ತಿದರೆ ಚುಕ್ಕೆ ಇರುವುದು, ಇಲ್ಲದ್ದು ಎರಡೂ ಪಟ್ಟಿಯಲ್ಲಿ ಬರುತ್ತವೆ. ಕಾರ್ಡು ಪಕ್ಕದಲ್ಲಿಟ್ಟುಕೊಂಡು ಆರಿಸಿ.