ಯುದ್ಧಕಾಲದ ಲಾರಿಯ ಪ್ರತಿಕೃತಿ: ಮೊದಲು ತಿಂಗಳು, ಆಮೇಲೆ ತಗಡು

ಹಸಿರು ಬಣ್ಣ ಬಳಿದು, ಹಿಂದೆ ತಾಡಪತ್ರಿ ಕಟ್ಟಿ, ಬಾಗಿಲಿಗೊಂದು ಬಿಳಿ ನಕ್ಷತ್ರ ಬರೆದರೆ ಮಿಲಿಟರಿ ಲಾರಿ ಆಯಿತು ಎಂದುಕೊಳ್ಳುವವರಿಗೆ ಬೆಳಗಾವಿ ಕಷ್ಟದ ಊರು. ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದ ಇಲ್ಲಿದೆ. ಮೆರವಣಿಗೆಯ ಸ್ತಬ್ಧಚಿತ್ರ ನೋಡಲು ನಿಂತವರಲ್ಲಿ ನಿವೃತ್ತ ಸುಬೇದಾರರು ಇದ್ದೇ ಇರುತ್ತಾರೆ, ತಪ್ಪನ್ನು ದೂರದಿಂದಲೇ ಹಿಡಿಯುತ್ತಾರೆ.

ಆದ್ದರಿಂದ ಲಾರಿಗಿಂತ ಮುಂಚೆ, ದೃಶ್ಯ ಯಾವ ವರ್ಷದ ಯಾವ ತಿಂಗಳಿನದು ಎಂದು ಗೊತ್ತುಮಾಡಿಕೊಳ್ಳಿ. 1941ರ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್ ಕಾಳಗದಲ್ಲಿ ಮರಾಠಾ ಸೈನಿಕರಿದ್ದರು. 1945ರ ಏಪ್ರಿಲ್ 9ರಂದು, ನಾಮದೇವ ಜಾಧವರಿಗೆ ವಿಕ್ಟೋರಿಯಾ ಕ್ರಾಸ್ ತಂದ ಇಟಲಿಯ ಸೆನಿಯೊ ನದಿಯ ಕಾಳಗದಲ್ಲೂ ಇದ್ದರು. ಎರಡಕ್ಕೂ ಒಂದೇ ಗಾಡಿ ನಡೆಯುವುದಿಲ್ಲ. ಇನ್ನು ದೃಶ್ಯ 1971ರದಾದರೆ ಹುಡುಕಬೇಕಾದದ್ದು ಶಕ್ತಿಮಾನ್: ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾದ ಮೂತಿ ಲಾರಿ. 1971ರ ದೃಶ್ಯಕ್ಕೆ ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್ ಲಾರಿ ತಂದು ನಿಲ್ಲಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅದು 1990ರ ದಶಕದ ಗಾಡಿ, ಕಾರ್ಗಿಲ್‌ಗೆ ಸರಿ.

ಎರಡನೇ ಮಹಾಯುದ್ಧಕ್ಕೆ ಎಲ್ಲರ ಕಣ್ಣು ಅಮೆರಿಕದ ಜಿಎಂಸಿ ಎರಡೂವರೆ ಟನ್ನಿನ ಮೇಲೆ. ಊರ ಗ್ಯಾರೇಜಿಗೆ ಅದು ಬೇಡ. ಸ್ಟೀರಿಂಗ್ ಎಡಗಡೆ, ನೆಲ ಮುಟ್ಟುವ ಚಕ್ರವೇ ಹತ್ತು, ಉದ್ದದ ಮಾದರಿಯ ವ್ಹೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 164 ಇಂಚು, ಮೇಲಾಗಿ ಮಡ್‌ಗಾರ್ಡಿನ ಬಾಗು ಕೈಯಲ್ಲಿ ಬಡಿದು ತೆಗೆಯುವಂಥದ್ದಲ್ಲ. ನಮ್ಮ ಆಯ್ಕೆ ಕೆನಡಾದ ಸಿಎಂಪಿ, ಅಂದರೆ ಕೆನಡಿಯನ್ ಮಿಲಿಟರಿ ಪ್ಯಾಟರ್ನ್ ಗಾಡಿ. ಕೆನಡಾದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಸೇರಿ ಇವನ್ನು ನಾಲ್ಕು ಲಕ್ಷಕ್ಕೂ ಹೆಚ್ಚು ಮಾಡಿದವು. ಸ್ಟೀರಿಂಗ್ ಬಲಗಡೆ, ಮೂತಿ ಗಿಡ್ಡ, ತಗಡು ಬಹುಪಾಲು ಸಪಾಟು.

ಸಿಎಂಪಿಯ ವಯಸ್ಸು ಕ್ಯಾಬಿನ್‌ನಲ್ಲಿದೆ. ಮೊದಲು ಬಂದ 11 ಮತ್ತು 12ನೇ ನಮೂನೆಯ ಕ್ಯಾಬಿನ್‌ಗಳ ಮುಂಗಾಜು ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಬಂದ 13ನೆಯದರಲ್ಲಿ ಗಾಜಿನ ಮೇಲಂಚು ಮುಂದೆ, ಕೆಳಅಂಚು ಒಳಗೆ. ಬಿಸಿಲಿಗೆ ಹೊಳೆದು ವಿಮಾನಕ್ಕೆ ಸುಳಿವು ಕೊಡಬಾರದೆಂದು ಹಾಗೆ ಮಾಡಿದ್ದು. ಕೆರೆನ್ ದೃಶ್ಯಕ್ಕೆ 13ನೇ ಕ್ಯಾಬಿನ್ ಇಟ್ಟರೆ ಇನ್ನೂ ಹುಟ್ಟದ ಗಾಡಿ ಇಟ್ಟಂತೆ. ಸೆನಿಯೊಗೆ ಅದೇ ಬೇಕು.

ಅಳತೆಯಲ್ಲಿ 15 ಹಂಡ್ರೆಡ್‌ವೇಟ್‌ನದು (762 ಕೆಜಿ ಹೊರುವುದು) ಸಾಕು. ವ್ಹೀಲ್‌ಬೇಸ್ 101 ಇಂಚು, ಅಂದರೆ 2565 ಮಿಮೀ. ಮೂರು ಟನ್ನಿನದು 134 ಅಥವಾ 158 ಇಂಚು. ನಮಗೆ ಎಲ್ಲವೂ ಲಾರಿಯೇ, ಆದರೆ ಬ್ರಿಟಿಷ್ ಸೇನೆಯ ಲೆಕ್ಕದಲ್ಲಿ 15 ಹಂಡ್ರೆಡ್‌ವೇಟ್‌ನದು ಟ್ರಕ್ಕು, ಮೂರು ಟನ್ನಿನದು ಲಾರಿ. ಬಾನೆಟ್ಟಿನ ಬಿಳಿ ನಂಬರಿನ ಮುಂದೆ ಟ್ರಕ್ಕಿಗೆ ‘ಝಡ್’, ಲಾರಿಗೆ ‘ಎಲ್’ ಬರುತ್ತದೆ. ಇದನ್ನು ಅದಲುಬದಲು ಮಾಡಬೇಡಿ.

ಬೊಲೆರೊ ಚಾಸಿ ಮೇಲೆ ಕಟ್ಟುವ ಆಸೆ ಬೇಡ. ವ್ಹೀಲ್‌ಬೇಸ್ 2680, ಅಂದರೆ 115 ಮಿಮೀ ಜಾಸ್ತಿ. ಅದಕ್ಕಿಂತ ಕೆಟ್ಟದ್ದು, ಚಕ್ರಗಳು ಮಡ್‌ಗಾರ್ಡಿನ ಒಳಗೆ ಸರಿದು ಗಾಡಿ ಕಾಲು ಮಡಚಿ ನಿಂತಂತೆ ಕಾಣುತ್ತದೆ. ಓಡುವ ಗಾಡಿಯ ರೂಪ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಅಡ್ಡ ಬರುತ್ತದೆ. ಎಂಜಿನ್ ಇಲ್ಲದ ಪ್ರತಿಕೃತಿ ಮಾಡಿ, ಬೇರೆ ಗಾಡಿಯ ಮೇಲೇರಿಸಿ ಒಯ್ಯಿರಿ. ಬಾಗಲಕೋಟೆ ಕಡೆ ಕಬ್ಬಿನ ಟ್ರಾಲಿ ಕಟ್ಟುವವರು ಆಕ್ಸಲನ್ನು ಹೇಳಿದ ಅಗಲಕ್ಕೆ ಮಾಡಿಕೊಡುತ್ತಾರೆ. ಮೂಲ ಗಾಡಿಯ ಟೈರು 9.00-16, ಟ್ರಾಲಿ ಟೈರಿನಲ್ಲೂ ಆ ಅಳತೆ ಸಿಗುತ್ತದೆ. ಸ್ಟೆಪ್ನಿ ಸೇರಿ ಐದು ಬೇಕು. ದುಡ್ಡು ಉಳಿಸಲು 7.50-16 ಹಾಕಿದರೆ ಚಕ್ರ ನಾಲ್ಕು ಇಂಚು ಗಿಡ್ಡವಾಗಿ ಇಡೀ ಆಕಾರ ಕೆಡುತ್ತದೆ.

ಮಾದರಿಯ ಆಯ್ಕೆಗೂ ಈ ಆಕ್ಸಲಿಗೂ ನಂಟಿದೆ. 15 ಹಂಡ್ರೆಡ್‌ವೇಟ್‌ನ ಸಿಎಂಪಿಯಲ್ಲಿ ನಾಲ್ಕೂ ಚಕ್ರ ಎಳೆಯುವ ಮಾದರಿ ಸಿ15ಎ; ಅದರ ಮುಂದಿನ ಆಕ್ಸಲಿಗೂ ಡಿಫರೆನ್ಷಿಯಲ್ ಗುಂಡು (ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗೇರುಗಳ ಉಬ್ಬು) ಇರುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ. ಹಿಂದಿನ ಚಕ್ರ ಮಾತ್ರ ಎಳೆಯುವ ಸಿ15ಗೆ ಅದಿಲ್ಲ. ಸಿ15 ಆರಿಸಿದರೆ ಮುಂದಿನ ಟ್ರಾಲಿ ಆಕ್ಸಲು ಹಾಗೇ ನಡೆಯುತ್ತದೆ. ಹಿಂದಿನದಕ್ಕೆ ಗುಜರಿಯಿಂದ ಡಿಫರೆನ್ಷಿಯಲ್‌ನ ಖಾಲಿ ಹೌಸಿಂಗ್ (ಹೊರಕವಚ) ತಂದು, ಎರಡು ಹೋಳು ಮಾಡಿ ಟ್ರಾಲಿ ಆಕ್ಸಲಿನ ಸುತ್ತ ಬೆಸೆಯಿರಿ.

ಉಳಿದ ಅಳತೆಗಳನ್ನು ಪಕ್ಕದಿಂದ ತೆಗೆದ ಫೋಟೊದಿಂದ ಎತ್ತಬಹುದು. ಫೋಟೊದಲ್ಲಿ ವ್ಹೀಲ್‌ಬೇಸ್ 171 ಮಿಮೀ ಬಂದರೆ, 2565ನ್ನು ಅದರಿಂದ ಭಾಗಿಸಿ: ಪ್ರತಿ ಮಿಮೀಗೆ ನಿಜದಲ್ಲಿ 15 ಮಿಮೀ. ಮುಂದಿನ ಚಕ್ರದ ಎತ್ತರ ಹಿಂದಿನದಕ್ಕಿಂತ ಬೇರೆ ಬಂದರೆ ಕ್ಯಾಮೆರಾ ಓರೆಯಾಗಿತ್ತು ಎಂದರ್ಥ, ಆ ಫೋಟೊ ಬಿಡಿ. ಮೊದಲು ಹಾರ್ಡ್‌ಬೋರ್ಡಿನಲ್ಲಿ ಕ್ಯಾಬಿನ್ ಕತ್ತರಿಸಿ ನಿಲ್ಲಿಸಿ, ಗಾಜಿನ ಓರೆ ಕಣ್ಣಿಗೆ ಒಪ್ಪಿದ ಮೇಲೆ 18 ಗೇಜಿನ ತಗಡಿಗೆ ಕೈ ಹಾಕಿ. ಗಾಜು ಎರಡು ಸಪಾಟು ತುಂಡು, ಊರಲ್ಲೇ ಕತ್ತರಿಸಿಕೊಡುತ್ತಾರೆ.

ಬಣ್ಣದಲ್ಲಿ ಕಾನೂನೂ ಇದೆ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯದಲ್ಲದ ಮೋಟಾರು ವಾಹನಕ್ಕೆ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಎಂಜಿನ್ ಇಲ್ಲದಿದ್ದರೂ ತಕರಾರು ಯಾಕೆ? ಇಟಲಿಯಲ್ಲಿ ತಿಳಿ ಮಣ್ಣಿನ ಬಣ್ಣದ ಮೇಲೆ ಕಪ್ಪು ಅಗಲ ತೇಪೆ ಹೊಡೆದ ಗಾಡಿಗಳೂ ಓಡಾಡುತ್ತಿದ್ದವು, ಅದನ್ನೇ ಹಿಡಿಯಿರಿ. ಮ್ಯಾಟ್ ಬಣ್ಣವೇ ಬೇಕು. ಕಾರಿನ ಹೊಳಪು ಬಂದರೆ ಕೆಲಸ ಕೆಟ್ಟಿತು. ಕೆಂಪು ಹದ್ದಿನ ಗುರುತು ಚೆಂದ, ಆದರೆ ಅದು 4ನೇ ಭಾರತೀಯ ಡಿವಿಜನ್ನಿನದು. ಜಾಧವರ ಪಲ್ಟನ್ ಇದ್ದದ್ದು 8ನೆಯದರಲ್ಲಿ. ಬಿಳಿ ನಕ್ಷತ್ರ ಆಮೇಲೆ ಬಂದ ಗುರುತು, ಕೆರೆನ್ ಗಾಡಿಗೆ ಇರಲೇಬಾರದು.

ಕಡೆಗೆ ಬೋಲ್ಟುಗಳು. ಈಗಿನ ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿರುತ್ತದೆ. ಬಣ್ಣ ಹೊಡೆಯುವ ಮುಂಚೆ, ಕೈಗೆಟುಕುವ ಎತ್ತರದಲ್ಲಿರುವ ಎಲ್ಲವನ್ನೂ ಗ್ರೈಂಡರ್‌ನಿಂದ ಉಜ್ಜಿ ಅಳಿಸಿ. ತಾಡಪತ್ರಿ ಹತ್ತಿಯದೇ ಇರಲಿ. ಪ್ಲಾಸ್ಟಿಕ್ಕಿನದು ಗಾಳಿಗೆ ಪಟಪಟ ಎನ್ನುತ್ತದೆ.