ತೆಂಗಿನ ಮರವನ್ನು ಬುಡದಿಂದ ಸುಳಿಯವರೆಗೆ ನೋಡುವುದು ಹೇಗೆ

ಮಲ್ಪೆಯಿಂದ ಸೇತುವೆ ದಾಟಿ ತೆಂಕಕ್ಕೆ ತಿರುಗಿದರೆ ಪಡುಕೆರೆ. ಎಡಗಡೆ ಉದ್ಯಾವರ ಹೊಳೆ, ಬಲಗಡೆ ಕಡಲು. ನಡುವೆ ಸಪೂರ ನೆಲ, ಅದರ ತುಂಬ ತೆಂಗು. ನಮ್ಮ ಮನೆ ಅಲ್ಲೇ. ರಜೆಗೆ ಬಂದವರು ಮರಗಳ ಎದುರು ನಿಂತು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಮರದ ಕಡೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ನನಗೆ ನಿಜವಾಗಿ ಬೇಜಾರಾಗುತ್ತದೆ. ಮುಂದಿನ ಸಲ ಕರಾವಳಿಗೆ ಬಂದಾಗ ನೂರು ಮರ ನೋಡಬೇಡಿ. ಒಂದೇ ಒಂದು ಮರ ಆರಿಸಿಕೊಳ್ಳಿ, ಅರ್ಧ ಗಂಟೆ ಕೊಡಿ.

ಬರುವುದಾದರೆ ಮಳೆ ಮುಗಿದ ಮೇಲೆ ಬನ್ನಿ. ಅಕ್ಟೋಬರ್, ನವೆಂಬರಿನಲ್ಲಿ ಮಡಲುಗಳೆಲ್ಲ ತೊಳೆದಿಟ್ಟ ಹಾಗಿರುತ್ತವೆ. (ಘಟ್ಟದ ಮೇಲೆ ಗರಿ ಅನ್ನುವುದಕ್ಕೆ ನಾವು ಮಡಲು ಅನ್ನುತ್ತೇವೆ.) ಸಂಜೆ ನಾಲ್ಕೂವರೆಯ ಮೇಲೆ ಒಳ್ಳೆಯದು. ಆಗ ಬಿಸಿಲು ಕಡಲಿನ ಕಡೆಯಿಂದ ಓರೆಯಾಗಿ ಬಿದ್ದು ಕಾಂಡದ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ.

ನಿಲ್ಲುವ ಜಾಗದ ಬಗ್ಗೆ ಮಾತ್ರ ಹುಷಾರು. ಮರದ ನೇರ ಕೆಳಗೆ ನಿಲ್ಲಬೇಡಿ. ಕಾಯಿಯೊಂದೇ ಅಲ್ಲ, ಒಣಗಿದ ಮಡಲು ಬಿದ್ದರೂ ಪೆಟ್ಟು ಸಣ್ಣದಲ್ಲ. ಒಂದು ಮಡಲು ಐದಾರು ಮೀಟರ್ ಉದ್ದ ಇರುತ್ತದೆ, ಬುಡದ ಕೊತ್ತಳಿಗೆಯೇ ಸಾಕಷ್ಟು ಭಾರ. ಮರದ ತಲೆ ಎಷ್ಟು ಅಗಲ ಹರಡಿದೆಯೋ ಅದರಿಂದ ನಾಲ್ಕು ಹೆಜ್ಜೆ ಆಚೆ ನಿಂತರೆ ಕುತ್ತಿಗೆಯೂ ನೋಯುವುದಿಲ್ಲ. ಗಾಳಿ ಜೋರಿದ್ದರೆ ಇನ್ನೂ ದೂರ.

ಮೊದಲು ಬುಡ ನೋಡಿ. ಕಡಲ್ಕೊರೆತ ಆದ ಕಡೆ ಮರಳು ಜಾರಿ ಬೇರು ಹೊರಗೆ ಬಂದಿರುತ್ತದೆ. ತೆಂಗಿಗೆ ತಾಯಿಬೇರು ಇಲ್ಲ. ಪೆನ್ಸಿಲ್ ದಪ್ಪದ ಸಾವಿರಾರು ಬೇರುಗಳು, ಮೇಲಿಂದ ಕೆಳಗಿನ ತನಕ ಹೆಚ್ಚುಕಡಿಮೆ ಒಂದೇ ದಪ್ಪ. ಅಷ್ಟು ಎತ್ತರದ ಮರವನ್ನು ಮರಳಿನಲ್ಲಿ ಹಿಡಿದು ನಿಲ್ಲಿಸಿರುವುದು ಈ ಗೊಂಚಲು. ನೋಡಲು ಹಗ್ಗದ ಹಾಗೇ ಇರುತ್ತದೆ.

ಈಗ ಕಾಂಡ. ನನಗೆ ಅತಿ ಇಷ್ಟದ ಭಾಗ ಇದು. ಅಡ್ಡಗೆರೆಗಳು ಕಾಣುತ್ತವೆ ಅಲ್ವಾ? ಒಂದೊಂದೂ ಒಂದು ಮಡಲು ಕಳಚಿ ಬಿದ್ದ ಗುರುತು. ಚೆನ್ನಾಗಿ ಬೆಳೆದ ಮರ ತಿಂಗಳಿಗೆ ಸುಮಾರು ಒಂದು ಮಡಲು ಬಿಡುತ್ತದೆ. ಅಂದರೆ ಹನ್ನೆರಡು ಗೆರೆಗೆ ಒಂದು ವರ್ಷ. ಸಸಿ ನೆಟ್ಟು ಕಾಂಡ ಕಾಣುವುದಕ್ಕೆ ನಾಲ್ಕೈದು ವರ್ಷ ಬೇಕು, ಅದನ್ನು ಸೇರಿಸಿಕೊಳ್ಳಿ. ತಲೆಯಲ್ಲಿ ಇನ್ನೂ ಇರುವ ಮಡಲುಗಳನ್ನೂ ಬಿಡಬೇಡಿ. ಇದು ಅಂದಾಜಿನ ಲೆಕ್ಕ, ಆದರೆ ಮರದ ವಯಸ್ಸು ಹತ್ತಿರ ಹತ್ತಿರ ಸಿಗುತ್ತದೆ. ಕೆಳಗಿನ ಗೆರೆಗಳ ನಡುವೆ ಅಂತರ ಜಾಸ್ತಿ, ಮೇಲೆ ಹೋದಂತೆ ಒತ್ತೊತ್ತಾಗಿ ಇರುತ್ತವೆ. ಎಳೆಯ ಮರ ಬೇಗ ಬೇಗ ಎತ್ತರಕ್ಕೆ ಹೋಗುತ್ತದೆ, ವಯಸ್ಸಾದ ಮರ ನಿಧಾನ.

ಇನ್ನೊಂದು ವಿಷಯ. ಮಾವು, ಹಲಸಿನ ಹಾಗೆ ತೆಂಗಿನ ಕಾಂಡ ವರ್ಷ ವರ್ಷ ದಪ್ಪ ಆಗುವುದಿಲ್ಲ. ಕಾಂಡದ ಒಂದೊಂದು ಭಾಗವೂ ಹುಟ್ಟುವಾಗ ಎಷ್ಟು ದಪ್ಪವೋ ಕೊನೆಯವರೆಗೂ ಅಷ್ಟೇ. ಹಾಗಾಗಿ ಮರ ಅನುಭವಿಸಿದ ಕಷ್ಟ ಅಳಿಸಿ ಹೋಗುವುದಿಲ್ಲ. ನಮ್ಮ ಅಂಗಳದ ಮೂಲೆಯಲ್ಲಿ ಅಪ್ಪ 1979ರಲ್ಲಿ ನೆಟ್ಟ ಮರವಿದೆ. ನನ್ನ ತಲೆಯಿಂದ ಸ್ವಲ್ಪ ಮೇಲೆ ಅದರ ಸೊಂಟ ಸಣ್ಣಗಾಗಿದೆ, ಆಮೇಲೆ ಮತ್ತೆ ದಪ್ಪ. ಒಂದು ದಿನ ಏಣಿ ಇಟ್ಟು ಆ ಸಣ್ಣ ಭಾಗದ ಗೆರೆಗಳನ್ನು ಬೆರಳಿಟ್ಟು ಎಣಿಸಿದೆ. ಇಪ್ಪತ್ತಮೂರು ಬಂತು. ಅಮ್ಮನ ಹತ್ತಿರ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಿನ್ನ ಅಪ್ಪ ಮುಂಬಯಿಯಲ್ಲಿ ಇದ್ದ ಎರಡು ವರ್ಷ" ಅಂದಳು. ಹೋಟೆಲ್ ಕೆಲಸಕ್ಕೆ ಹೋಗಿದ್ದರು. ಬುಡ ಬಿಡಿಸಿ ಗೊಬ್ಬರ, ಬೂದಿ ಹಾಕುವವರು ಇರಲಿಲ್ಲ. ಬೇಸಿಗೆಯಲ್ಲಿ ನೀರೂ ಅಷ್ಟಕ್ಕಷ್ಟೆ. ಆ ಎರಡು ವರ್ಷ ಮರದ ಮೈಮೇಲೆ ಹಾಗೇ ಉಳಿದಿದೆ. ಸಂಜೆ ಅಂಗಳ ಗುಡಿಸುವಾಗ ಈಗಲೂ ಒಮ್ಮೆ ಆ ಜಾಗ ನೋಡಿಯೇ ಮುಂದೆ ಹೋಗುತ್ತೇನೆ.

ಕಡಲ ಬದಿಯ ಮರಗಳ ಬಾಗುವಿಕೆಯನ್ನೂ ಹೀಗೇ ಓದಬಹುದು. ನೀರಿನ ಕಡೆ ಬಯಲು, ಬೆಳಕು ಜಾಸ್ತಿ, ಮರ ಅತ್ತ ಹೋಗುತ್ತದೆ. ಬುಡದ ಮರಳು ಜಾರಿದರೂ ವಾಲುತ್ತದೆ. ಆದರೆ ಸುಳಿ ಮಾತ್ರ ಯಾವಾಗಲೂ ಆಕಾಶದ ಕಡೆಗೇ. ಹಾಗಾಗಿ ಕೆಳಗೆ ಬಾಗಿ, ಒಂದು ಎತ್ತರದಿಂದ ಮೇಲೆ ನೆಟ್ಟಗೆ ನಿಂತ ಮರ ಕಂಡರೆ, ಅದು ಎಳೆಯದಾಗಿದ್ದಾಗಲೇ ವಾಲಿ ಆಮೇಲೆ ಎದ್ದು ನಿಂತದ್ದು ಅಂತ ತಿಳಿಯಿರಿ. ಬಾಗಿದ ಭಾಗ ಮತ್ತೆ ನೇರ ಆಗುವುದಿಲ್ಲ.

ಇನ್ನು ತಲೆ ನೋಡಿ. ಬೈನಾಕ್ಯುಲರ್ ಇದ್ದರೆ ತನ್ನಿ, ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಸಾಕು. ನಡುವೆ ಕತ್ತಿಯ ಹಾಗೆ ನೇರ ನಿಂತಿರುವುದು ಇನ್ನೂ ಬಿಚ್ಚದ ಸುಳಿ. ಈ ಮರಕ್ಕೆ ಬೆಳೆಯುವ ಜಾಗ ಅದೊಂದೇ. ಅದು ಸತ್ತರೆ ಮರವೇ ಹೋಯಿತು. ಅಲ್ಲಿಂದ ಕೆಳಗೆ ಇಳಿಯುತ್ತಾ ಬನ್ನಿ. ಮೊದಲು ಹೊಂಬಾಳೆ. ಆಗಷ್ಟೇ ಒಡೆದಿದ್ದರೆ ಕೆನೆ ಬಣ್ಣ, ಸುತ್ತ ಜೇನುನೊಣ. ಅದರ ಕೆಳಗೆ ಹರಳು (ಆಗಷ್ಟೇ ಕಚ್ಚಿದ ಪುಟ್ಟ ಕಾಯಿ), ಆಮೇಲೆ ಮುಷ್ಟಿಯಷ್ಟು ದೊಡ್ಡದು, ಆಮೇಲೆ ಸೀಯಾಳ, ಕೊನೆಗೆ ಬಲಿತ ಕಾಯಿ. ಹೂವಿನಿಂದ ಬಲಿತ ಕಾಯಿಗೆ ಸುಮಾರು ಹನ್ನೆರಡು ತಿಂಗಳು. ಹೊಂಬಾಳೆಯೂ ಮಡಲಿನ ಹಾಗೆ ತಿಂಗಳಿಗೊಂದು. ಒಂದು ಗೊನೆಗಿಂತ ಅದರ ಕೆಳಗಿನದು ಒಂದು ತಿಂಗಳು ದೊಡ್ಡದು. ಇಡೀ ವರ್ಷ ಒಂದೇ ಮರದ ತಲೆಯಲ್ಲಿ ಒಟ್ಟಿಗೆ ತೂಗುತ್ತಿರುತ್ತದೆ. ಬೇರೆ ಯಾವ ಮರದಲ್ಲಿ ಇದನ್ನು ಇಷ್ಟು ಸ್ಪಷ್ಟವಾಗಿ ನೋಡಬಹುದು, ಹೇಳಿ.

ಮಡಲುಗಳ ಸುತ್ತನ್ನೂ ಗಮನಿಸಿ. ಒಂದು ಮಡಲಿನಿಂದ ಎಣಿಸುತ್ತಾ ಹೋದರೆ, ಆರನೆಯದು ಹೆಚ್ಚುಕಡಿಮೆ ಮೊದಲಿನದರ ನೇರಕ್ಕೇ, ಸ್ವಲ್ಪ ಪಕ್ಕಕ್ಕೆ ಬರುತ್ತದೆ. ಕೆಲವು ಮರಗಳಲ್ಲಿ ಈ ಸುತ್ತು ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ಟಿ. ಎ. ಡೇವಿಸ್ 1960ರ ದಶಕದಲ್ಲಿ ಇದರ ಮೇಲೆಯೇ ಕೆಲಸ ಮಾಡಿದರು. ಎಡಸುತ್ತಿನ ಮರದ ಕಾಯಿ ನೆಟ್ಟರೆ ಎಡಸುತ್ತಿನ ಮರವೇ ಬರಬೇಕೆಂದಿಲ್ಲ ಅಂತ ತೋರಿಸಿದರು. ನಮ್ಮ ಅಂಗಳದಲ್ಲೇ ಎರಡೂ ಥರ ಇವೆ.

ಬಿಚ್ಚಿದ ಮಡಲಿನಲ್ಲಿ ಕತ್ತರಿ ಹಾಕಿದ ಹಾಗೆ ತ್ರಿಕೋನ ಕಂಡರೆ ಅದು ಕುರುವಾಯಿ ಹುಳದ, ಅಂದರೆ ಸುಳಿ ಕೊರೆಯುವ ಕೊಂಬಿನ ದುಂಬಿಯ ಕೆಲಸ. ಮಡಲು ಸುಳಿಯೊಳಗೆ ಮಡಚಿಕೊಂಡಿದ್ದಾಗ ಕೊರೆದದ್ದು, ಬಿಚ್ಚಿದ ಮೇಲೆ ಹಾಗೆ ಕಾಣುತ್ತದೆ. ತುದಿಯಲ್ಲಿ ಗೀಜಗನ ಗೂಡು ತೂಗುತ್ತಿದ್ದರೆ ನಿಮ್ಮ ಅದೃಷ್ಟ. ಇನ್ನೂ ಹತ್ತು ನಿಮಿಷ ನಿಂತುಬಿಡಿ.

ಆಮೇಲೆ ಕಣ್ಣು ಮುಚ್ಚಿ. ಮಧ್ಯಾಹ್ನದಿಂದ ಪಡುಗಾಳಿ ಬೀಸುತ್ತಿರುತ್ತದೆ. ತೆಂಗಿನ ಎಲೆಗಳು ಗಟ್ಟಿ, ಒಂದಕ್ಕೊಂದು ತಾಗಿದರೆ ಮಳೆ ಬಂದ ಹಾಗೇ ಸದ್ದು. ಹುಟ್ಟಿದಾಗಿನಿಂದ ಕೇಳಿದ್ದರೂ ರಾತ್ರಿ ಎಚ್ಚರವಾದರೆ ಹೊರಗೆ ಹಾಕಿದ ಬಟ್ಟೆ ನೆನಪಾಗಿ ಎದ್ದು ಬಾಗಿಲು ತೆಗೆಯುತ್ತೇನೆ. ಅಂಗಳ ಒಣಗಿಯೇ ಇರುತ್ತದೆ, ಬೆಳದಿಂಗಳಿಗೆ ಮಡಲುಗಳು ನೀರು ಹಚ್ಚಿದ ಹಾಗೆ ಹೊಳೆಯುತ್ತಿರುತ್ತವೆ. ಉಳಿದುಕೊಳ್ಳಲು ಆದರೆ ಹುಣ್ಣಿಮೆ ಹತ್ತಿರದ ದಿನ ನೋಡಿಕೊಂಡು ಬನ್ನಿ.

ಹೋಗುವ ಮೊದಲು ಮರದ ಒಂದು ಫೋಟೋ ತೆಗೆಯಿರಿ, ತಲೆ ಪೂರ್ತಿ ಕಾಣುವ ಹಾಗೆ. ಎಲ್ಲಕ್ಕಿಂತ ಕೆಳಗೆ ಜೋತುಬಿದ್ದ ಹಳದಿ ಮಡಲು ಯಾವುದು ಅಂತ ಗುರುತು ಇಟ್ಟುಕೊಳ್ಳಿ. ಒಂದೆರಡು ತಿಂಗಳು ಬಿಟ್ಟು ಅದೇ ಮರದ ಹತ್ತಿರ ಬನ್ನಿ. ಆ ಮಡಲು ಇರುವುದಿಲ್ಲ. ಅದು ಇದ್ದ ಜಾಗದಲ್ಲಿ, ಹಳೆಯ ಬೂದು ಗೆರೆಗಳ ಮೇಲೆ, ಹೊಸ ಗೆರೆಯೊಂದು ತಿಳಿ ಬಣ್ಣದಲ್ಲಿ ಇರುತ್ತದೆ.