ಕಿಟಕಿಯ ಅಂಚಿನ ಇನ್ಸುಲೇಷನ್: ರೆವಿಟ್‌ನಲ್ಲಿ ನಾನು ಮಾಡಿದ ಬಗೆ

ಬೆಂಗಳೂರಿನ ಹವೆಗೆ ಗೋಡೆಗೇಕೆ ಇನ್ಸುಲೇಷನ್ (ಶಾಖ ತಡೆಯುವ ಪದರ) ಎಂದು ಕೇಳುವವರು ಈಗಲೂ ಇದ್ದಾರೆ. ವಾಸದ ಮನೆಯ ಮಾತು ಬೇರೆ. ನನಗೆ ಬಂದದ್ದು ಪೀಣ್ಯದ ಒಂದು ಪ್ರಯೋಗಾಲಯದ ಕೆಲಸ. ಹಗಲಿರುಳು ಒಳಗೆ 18 ಡಿಗ್ರಿ ಇರಬೇಕು. 200 ಮಿ.ಮೀ. ಸಾಲಿಡ್ ಬ್ಲಾಕ್ ಗೋಡೆಯ ಹೊರಮೈಗೆ 50 ಮಿ.ಮೀ. ಎಕ್ಸ್‌ಪಿಎಸ್ (ಗಟ್ಟಿ ಪ್ಲಾಸ್ಟಿಕ್ ನೊರೆಯ) ಹಲಗೆ ಅಂಟಿಸುವುದೆಂದು ತೀರ್ಮಾನವಾಯಿತು. ನನ್ನ ಲೆಕ್ಕದಲ್ಲಿ ಗೋಡೆಯ ಯು-ಮೌಲ್ಯ (ಗೋಡೆ ಎಷ್ಟು ಶಾಖ ದಾಟಲು ಬಿಡುತ್ತದೆ ಎಂಬ ಅಳತೆ; ಕಡಿಮೆಯಾದಷ್ಟೂ ಒಳ್ಳೆಯದು) ಸುಮಾರು 2.8ರಿಂದ 0.6ರ ಆಸುಪಾಸಿಗೆ ಇಳಿಯಿತು. ಆದರೆ ಆ ಲೆಕ್ಕ ಕಿಟಕಿ, ಬಾಗಿಲು ಇಲ್ಲದ ಗೋಡೆಯದು. ಓಪನಿಂಗ್ ಬಂದ ಕಡೆ ಬ್ಲಾಕಿನ ಅಂಚು ಬಯಲಾಗಿ ಉಳಿದರೆ ಶಾಖ ಅಲ್ಲಿಂದ ನುಗ್ಗುತ್ತದೆ. ಮಳೆಗಾಲದಲ್ಲಿ ಹೊರಗಿನ ತೇವದ ಗಾಳಿ ಆ ತಣ್ಣನೆಯ ಅಂಚಿಗೆ ತಾಗಿ ನೀರಾಗುತ್ತದೆ; ಬಣ್ಣ ಎದ್ದು ಬೂಷ್ಟು ಹಿಡಿಯುತ್ತದೆ.

ಗೋಡೆಯ ಪದರಗಳನ್ನು ಓಪನಿಂಗ್‌ ಒಳಕ್ಕೆ ಮಡಚಲು ರೆವಿಟ್ ಎಂಬ ಕಟ್ಟಡ-ಮಾದರಿ ತಂತ್ರಾಂಶದಲ್ಲಿ ‘ರ್‍ಯಾಪಿಂಗ್’ ಇದೆ. ಗಾರೆಗೆ ಅದು ಸಾಕು, ಇನ್ಸುಲೇಷನ್‌ಗೆ ಸಾಲದು. ಪದರ ಎಷ್ಟು ದಪ್ಪವೋ ಮಡಿಕೆಯೂ ಅಷ್ಟೇ ದಪ್ಪ ಬರುತ್ತದೆ. ನನಗೆ ಗೋಡೆಯ ಮೇಲೆ 50, ಪಕ್ಕಗಳಲ್ಲಿ 25 ಮಿ.ಮೀ. ಬೇಕಿತ್ತು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಮಡಿಕೆ ಪ್ಲಾನಿನಲ್ಲಿ ಮಾತ್ರ ಕಾಣುತ್ತದೆ. ಕಿಟಕಿಯ ಮೇಲಿನ ಲಿಂಟಲ್ ಕೆಳಗೆ, ಕೆಳಗಿನ ಸಿಲ್ ಮೇಲೆ ಸೆಕ್ಷನ್ (ಗೋಡೆಯನ್ನು ಲಂಬವಾಗಿ ಸೀಳಿದ ನೋಟ) ತೆಗೆದರೆ ಏನೂ ಇರುವುದಿಲ್ಲ. ನೀರು, ಶಾಖ ಎರಡರ ತಕರಾರೂ ಹುಟ್ಟುವುದು ಅಲ್ಲಿಯೇ.

ಆದ್ದರಿಂದ ಗೋಡೆಯ ರ್‍ಯಾಪಿಂಗ್ ಅನ್ನು ‘ಇಂಟೀರಿಯರ್’ಗೆ ಮಾತ್ರ ಬಿಟ್ಟೆ, ಒಳಗಿನ ಗಾರೆ ತಾನಾಗಿ ಮಡಚಿಕೊಳ್ಳಲಿ ಎಂದು. ಹೊರಗಿನ ಇನ್ಸುಲೇಷನ್ ತುಂಡುಗಳನ್ನು ಕಿಟಕಿಯ ಫ್ಯಾಮಿಲಿಯೊಳಗೇ (ಮತ್ತೆ ಮತ್ತೆ ಬಳಸುವ ಸಿದ್ಧ ಮಾದರಿಯೊಳಗೇ) ಬಿಡಿಸಿದೆ. ಕಿಟಕಿಯ ಚೌಕಟ್ಟನ್ನು ಬ್ಲಾಕಿನ ಹೊರಮೈಯಿಂದ 75 ಮಿ.ಮೀ. ಒಳಗೆ ನಿಲ್ಲಿಸಿದ್ದೆವು. ತುಂಡಿನ ಒಂದು ತುದಿಯನ್ನು ಗೋಡೆಯ ಹೊರಮೈಗೂ ಇನ್ನೊಂದನ್ನು ಚೌಕಟ್ಟಿನ ರೆಫರೆನ್ಸ್ ಪ್ಲೇನಿಗೂ (ಅಳತೆಗೆ ಆಧಾರವಾದ ಕಾಣದ ಸಮತಲಕ್ಕೂ) ಲಾಕ್ ಮಾಡಿದೆ. ಹೀಗೆ ಆಳ 125 ಮಿ.ಮೀ. ಆಯಿತು. ದಪ್ಪ ಮತ್ತು ಸಾಮಗ್ರಿಗೆ ಪ್ಯಾರಾಮೀಟರ್ (ಬೇಕಾದಾಗ ಬದಲಿಸಬಹುದಾದ ಮೌಲ್ಯ) ಕೊಟ್ಟೆ. ನಾಲ್ಕೂ ಬದಿಗೆ ಬೇರೆ ಬೇರೆ ತುಂಡು ಮಾಡಿದ್ದಕ್ಕೆ ಕಾರಣವಿದೆ: ಎಕ್ಸ್‌ಪಿಎಸ್ ಬೆಂಕಿಗೆ ಉರಿಯುವ ವಸ್ತುವಾದ್ದರಿಂದ ಮೇಲ್ಭಾಗಕ್ಕೆ ಉರಿಯದ ರಾಕ್‌ವೂಲ್ (ಕಲ್ಲಿನ ನಾರು), ಕೆಳಗೆ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು.

ಚೌಕಟ್ಟು ಬ್ಲಾಕಿನಿಂದ ಬ್ಲಾಕಿಗೆ ಕೂರುತ್ತದೆ, ಹಲಗೆ ಅದರ ಮುಖದ ಮೇಲೆ 25 ಮಿ.ಮೀ. ಹತ್ತಿ ನಿಲ್ಲುತ್ತದೆ. ಇವು ಸ್ಲೈಡಿಂಗ್ ಕಿಟಕಿಗಳು. ಹೊರಕ್ಕೆ ತೆರೆಯುವಂಥವಾದರೆ ರೆಕ್ಕೆ ಹಲಗೆಗೆ ತಾಗುತ್ತದೆಯೇ ಎಂದು ನೋಡಿಕೊಳ್ಳಬೇಕು. “ಸರ್, ಬ್ಲಾಕ್ ಕೆಲಸಕ್ಕೆ ಯಾವ ಅಳತೆ ಬಿಡಲಿ?” ಎಂದು ಮೇಸ್ತ್ರಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ಇನ್ಸುಲೇಷನ್ ಆದ ಮೇಲೆ 1200 x 1500 ಉಳಿಯಬೇಕಾದರೆ ಬ್ಲಾಕಿನಲ್ಲಿ 1250 x 1550 ಬಿಡಬೇಕು. ಷೆಡ್ಯೂಲಿನಲ್ಲಿ (ಕಿಟಕಿಗಳ ಪಟ್ಟಿಯಲ್ಲಿ) ಎರಡೂ ಅಳತೆಗೆ ಒಂದೊಂದು ಕಾಲಂ ಇಟ್ಟು ಎರಡನೆಯದನ್ನು ಸೂತ್ರದಿಂದ ಬರಿಸಿದೆ. ಇಷ್ಟು ಗಾತ್ರದ ಒಂದು ಕಿಟಕಿಗೆ ಪಕ್ಕಗಳ ಇನ್ಸುಲೇಷನ್ ಸುಮಾರು 0.7 ಚದರ ಮೀಟರ್ ಆಗುತ್ತದೆ. ತುಂಡುಗಳಿಗೆ ಸಾಮಗ್ರಿ ಕೊಟ್ಟಿರುವುದರಿಂದ ಅವುಗಳ ಘನಗಾತ್ರ ಮೆಟೀರಿಯಲ್ ಟೇಕ್‌ಆಫ್‌ನಲ್ಲಿ (ಸಾಮಗ್ರಿವಾರು ಲೆಕ್ಕದ ಪಟ್ಟಿಯಲ್ಲಿ) ನೇರವಾಗಿ ಸಿಗುತ್ತದೆ, ಗುತ್ತಿಗೆದಾರರೊಡನೆ ಚೌಕಾಸಿಗೆ ಎಡೆಯಿಲ್ಲ.

ಮಾದರಿಯಿಂದ ನಿಜವಾದ ಲಾಭವಾದದ್ದು ಸಜ್ಜಾ ವಿಷಯದಲ್ಲಿ. ನಮ್ಮ ಊರಿನ ಪದ್ಧತಿಯಂತೆ ಲಿಂಟಲ್ ಜೊತೆಗೇ ಎರಕ ಹೊಯ್ದ ಕಾಂಕ್ರೀಟ್ ಸಜ್ಜಾ ಇತ್ತು. ಸೆಕ್ಷನ್ ತೆಗೆದಾಗ ಅದು ಇನ್ಸುಲೇಷನ್ ಪದರವನ್ನು ಸೀಳಿಕೊಂಡು ಕಿಟಕಿಯ ಉದ್ದಕ್ಕೂ ಹೊರಬಂದದ್ದು ಕಣ್ಣಿಗೆ ಹೊಡೆಯಿತು. ಕಾಂಕ್ರೀಟ್ ಶಾಖವನ್ನು ಎಕ್ಸ್‌ಪಿಎಸ್‌ಗಿಂತ ನಲವತ್ತು ಪಟ್ಟು ಸಲೀಸಾಗಿ ದಾಟಿಸುತ್ತದೆ; ಅಕ್ಕಪಕ್ಕ ಎಷ್ಟು ಹಲಗೆ ಹಚ್ಚಿದರೂ ಪಡುವಣ ಬಿಸಿಲಿಗೆ ಕಾದ ಸಜ್ಜಾ ಲಿಂಟಲನ್ನು ಬಿಸಿ ಮಾಡದೆ ಬಿಡುವುದಿಲ್ಲ. ಆ ಸೆಕ್ಷನ್ ಹಿಡಿದುಕೊಂಡೇ ಸ್ಟ್ರಕ್ಚರಲ್ ಎಂಜಿನಿಯರ್ ಬಳಿ ಕುಳಿತು ಮಾತಾಡಿದೆ. ಕಾಂಕ್ರೀಟ್ ಸಜ್ಜಾ ಹೋಗಿ ಉಕ್ಕಿನ ಬ್ರಾಕೆಟ್ ಮೇಲಿನ ಹಗುರ ಸಜ್ಜಾ ಬಂತು. ಈಗ ಇನ್ಸುಲೇಷನ್ ತೂತಾಗುವುದು ಬ್ರಾಕೆಟ್ ಕೂರುವ ಕಡೆ ಮಾತ್ರ. ಒಳಗಿನಿಂದ ಹೊರಗಿನವರೆಗೆ ಒಂದೇ ಹಾಸಾಗಿ ಹೋಗುತ್ತಿದ್ದ ಗ್ರಾನೈಟ್ ಸಿಲ್ ಅನ್ನೂ ಚೌಕಟ್ಟಿನ ಕೆಳಗೆ ಎರಡು ತುಂಡು ಮಾಡಿಸಿದೆ.

ಬಾಗಿಲಿನ ಫ್ಯಾಮಿಲಿಗೆ ಇದೇ ಕ್ರಮ, ಮೂರು ಬದಿ ಮಾತ್ರ. ಟ್ರಾಲಿ ಓಡಾಡುವ ಹೊಸ್ತಿಲಿಗೆ ಹಲಗೆ ತಾಳುವುದಿಲ್ಲ. ಅಲ್ಲಿಯೂ ಗ್ರಾನೈಟನ್ನು ಬಾಗಿಲಿನ ಕೆಳಗೆ ಸೀಳಿದೆವು.

ಒಂದು ತೊಡಕು ಮಾತ್ರ ಉಳಿಯುತ್ತದೆ. ಫ್ಯಾಮಿಲಿಯ ತುಂಡು ಗೋಡೆಯ ಪದರದೊಂದಿಗೆ ಬೆಸೆಯುವುದಿಲ್ಲ, ನಡುವೆ ಒಂದು ಗೆರೆ ಕಾಣುತ್ತದೆ. ದೊಡ್ಡ ಸ್ಕೇಲಿನ ಡೀಟೇಲ್‌ಗಳಲ್ಲಿ ಲೈನ್‌ವರ್ಕ್ ಸಾಧನದಿಂದ ಅದನ್ನು ಅಡಗಿಸುತ್ತೇನೆ. ಉಳಿದ ಕಡೆ ಹಾಗೆಯೇ ಬಿಡುತ್ತೇನೆ, ಸೈಟಿನಲ್ಲಿಯೂ ಹಲಗೆಗಳ ಜೋಡಣೆ ಅಲ್ಲಿಯೇ ಬರುತ್ತದೆ.